ಹೆಲಿಕಾಪ್ಟರ್ ಎತ್ತಿದ ಕೂಡಲೇ ಬುಗುರಿ ಆಗುತ್ತಿದೆ, ಟ್ರಿಮ್ ಪೂರ್ತಿ ಒತ್ತಿದರೂ ನಿಲ್ಲುತ್ತಿಲ್ಲ

ಹೊಸಬ, ರಾಯಚೂರು:
ನಾಲ್ಕು ಚಾನೆಲ್ಲಿನ ಸಣ್ಣ ರಿಮೋಟ್ ಹೆಲಿಕಾಪ್ಟರ್ ತಗೊಂಡು 3 ವಾರ ಆಯಿತು. ಮೇಲೆ ಒಂದೇ ರೋಟರ್, ಬಾಲದಲ್ಲಿ ಪುಟ್ಟ ಮೋಟರ್. ಮೊದಲ ವಾರ ಹೇಗೋ ಆಳೆತ್ತರ ಏರುತ್ತಿತ್ತು. ಈಗ ನೆಲ ಬಿಟ್ಟ ಕೂಡಲೇ ಗಿರಗಿರ ಸುತ್ತಿ ಬೀಳುತ್ತದೆ. ರಿಮೋಟಿನ ರಡ್ಡರ್ ಟ್ರಿಮ್ (ಮೂತಿ ತಾನಾಗಿ ತಿರುಗದಂತೆ ಸರಿಹೊಂದಿಸುವ ಗುಂಡಿ) ಬಲಕ್ಕೆ ಒತ್ತಿ ಒತ್ತಿ ಕೊನೆ ಮುಟ್ಟಿಸಿದ್ದೇನೆ. ಹೊಸ ಬ್ಲೇಡ್ ಹಾಕಿದರೂ ಅಷ್ಟೇ. ಹಾರಿಸುವುದು ಸಂಜೆ, ಮಾಳಿಗೆ ಮೇಲೆ. ಮಾರಿದವರನ್ನು ಕೇಳಿದರೆ "ಪ್ರಾಕ್ಟೀಸ್ ಆಗಬೇಕು ಸರ್" ಅಂದು ಫೋನ್ ಇಟ್ಟರು.

ಬಳ್ಳಾರಿಯಿಂದ:
ಪ್ರಾಕ್ಟೀಸ್ ಮಾತು ಆಮೇಲೆ. ಮೂತಿ ಯಾವ ಕಡೆ ಸುತ್ತುತ್ತದೆ? ಮೇಲಿನಿಂದ ನೋಡಿದರೆ ದೊಡ್ಡ ರೋಟರ್ ಯಾವ ಕಡೆ?

ಹೊಸಬ:
ರೋಟರ್ ಗಡಿಯಾರದ ಮುಳ್ಳಿನ ಹಾಗೆ. ಮೂತಿ ಎಡಕ್ಕೆ.

ಬಳ್ಳಾರಿಯಿಂದ:
ಹಾಗಾದರೆ ಬಾಲ ಸೋಲುತ್ತಿದೆ. ರೋಟರ್ ಒಂದು ಕಡೆ ತಿರುಗಿದರೆ ಬಾಡಿ ಅದಕ್ಕೆ ಎದುರು ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದೇ ಬಾಲದ ಫ್ಯಾನಿನ ಕೆಲಸ. ಅದಕ್ಕೆ ಬಲ ಇಲ್ಲದಿದ್ದರೆ ಟ್ರಿಮ್ ಏನು ಮಾಡೀತು? ಬ್ಯಾಟರಿ ಬಿಚ್ಚಿ ಬಾಲದ ಫ್ಯಾನನ್ನು ಬೆರಳಿನಿಂದ ತಿರುಗಿಸಿ. ತಡೆದ ಹಾಗೆ ಆದರೆ ಫ್ಯಾನಿಗೂ ಮೋಟರಿಗೂ ನಡುವೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕೂದಲೋ ದಾರವೋ ಸುತ್ತಿರುತ್ತದೆ. ಏನೂ ಸಿಗದಿದ್ದರೆ ಮೋಟರ್ ಸವೆದಿದೆ ಅಂತಲೇ. ಈ ಬ್ರಷ್ ಮೋಟರುಗಳ ಆಯಸ್ಸು ಕಡಿಮೆ. ನಮ್ಮ ಕಡೆ ಅದಿರಿನ ಕೆಂಪು ಧೂಳು ಬೇರೆ, ವಾರಕ್ಕೊಮ್ಮೆ ಹಳೇ ಟೂತ್‌ಬ್ರಷ್‌ನಲ್ಲಿ ಗೇರ್ ಹಲ್ಲು ಉಜ್ಜುತ್ತೇನೆ.

ಹೊಸಬ, ಮರುದಿನ:
ಹತ್ತಿ! ಪಕ್ಕದ ಮನೆಯವರು ಮಾಳಿಗೆ ಮೇಲೆ ಹತ್ತಿ ಹರವಿದ್ದರು. ಎಳೆ ಫ್ಯಾನಿನ ಹಿಂದೆ ಸುತ್ತಿ ಸುತ್ತಿ ಬಿಳಿ ಉಂಗುರದ ಹಾಗೆ ಬಿಗಿದು ಕೂತಿತ್ತು. ಫ್ಯಾನ್ ಮೆಲ್ಲಗೆ ಎಳೆದು ತೆಗೆದು ಸೂಜಿಯಲ್ಲಿ ಬಿಡಿಸಿದೆ. ಈಗ ಬಾಯಿಂದ ಊದಿದರೂ ತಿರುಗುತ್ತದೆ. ಆದರೆ ಎತ್ತಿದರೆ ಈ ಸಲ ಬಲಕ್ಕೆ ಬುಗುರಿ.

ಬಳ್ಳಾರಿಯಿಂದ:
ಟ್ರಿಮ್ ನಡುವಿಗೆ ತಂದಿರಾ?

ಹೊಸಬ:
...ಇಲ್ಲ. ತಂದೆ. ನಿಂತಿತು! ಈಗ ಸುತ್ತುವುದಿಲ್ಲ, ಆದರೆ ಮೆಲ್ಲಗೆ ಎಡಕ್ಕೆ ಜಾರುತ್ತದೆ.

ಕೊಪ್ಪಳದಿಂದ:
ಅದು ಕೆಟ್ಟಿರುವುದಲ್ಲ. ಬಾಲದ ಫ್ಯಾನ್ ಬಾಲವನ್ನು ಎಡಕ್ಕೆ ನೂಕುತ್ತಲೇ ಇರುತ್ತದೆ, ಜೊತೆಗೆ ಇಡೀ ಹೆಲಿಕಾಪ್ಟರೂ ಜಾರುತ್ತದೆ. ಬಲಗಡೆಯ ಸ್ಟಿಕ್ಕನ್ನು ಒಂಚೂರು ಬಲಕ್ಕೆ ಹಿಡಿಯಿರಿ, ಇಲ್ಲವೇ ಆ ಸ್ಟಿಕ್ಕಿನ ಎಡ-ಬಲದ ಟ್ರಿಮ್ಮನ್ನು ಬಲಕ್ಕೆ ಎರಡು ಮೂರು ಕ್ಲಿಕ್ ಕೊಡಿ. ದೊಡ್ಡ ಹೆಲಿಕಾಪ್ಟರುಗಳೂ ಹೀಗೇ ಒಂದು ಪಕ್ಕಕ್ಕೆ ವಾಲಿಕೊಂಡೇ ನಿಲ್ಲುತ್ತವೆ.

ಮಾಳಿಗೆ ಮಾತ್ರ ಬಿಡಿ. ಗೋಡೆ ದಾಟಿ ಬರುವ ಗಾಳಿ ಒಳಗೆ ಸುಳಿ ಹಾಕುತ್ತದೆ. ಮಳೆನೀರು ಹರಿಯಲೆಂದು ನೆಲವನ್ನೂ ಇಳಿಜಾರು ಮಾಡಿರುತ್ತಾರೆ. ಬ್ಯಾಟರಿ ಜೋಡಿಸಿದ ಮೇಲೆ ಹೆಲಿಕಾಪ್ಟರನ್ನು ಸಮತಟ್ಟಾದ ಕಡೆ ಇಟ್ಟು, ಲೈಟ್ ಮಿನುಗುವುದು ನಿಲ್ಲುವ ತನಕ ಮುಟ್ಟಬಾರದು. ಆಗಲೇ ಗೈರೋ (ತಿರುಗುವುದನ್ನು ಗುರುತಿಸುವ ಒಳಗಿನ ಸೆನ್ಸರ್) ತನ್ನ ಲೆಕ್ಕ ಹಿಡಿಯುವುದು. ಮನೆಯ ಹಾಲಿನಲ್ಲಿ, ಸೀಲಿಂಗ್ ಫ್ಯಾನ್ ಆರಿಸಿ ಹಾರಿಸಿ. ಹಗಲು ಕರೆಂಟ್ ಹೋದರೆ ನಮ್ಮಂಥವರಿಗೆ ಹಬ್ಬ.

ನೆಲದಿಂದ ಗೇಣೆತ್ತರದಲ್ಲಿ ಒದ್ದಾಡಬೇಡಿ, ತನ್ನದೇ ಗಾಳಿ ನೆಲಕ್ಕೆ ಬಡಿದು ಅದನ್ನೇ ಅಲುಗಾಡಿಸುತ್ತದೆ. ಒಮ್ಮೆಲೇ ಸೊಂಟದ ಎತ್ತರಕ್ಕೆ ಏರಿಸಿ. ಬಾಲ ಯಾವಾಗಲೂ ನಿಮ್ಮ ಕಡೆ ಇರಲಿ. ಮೂತಿ ನಿಮ್ಮ ಕಡೆ ತಿರುಗಿತೋ, ಎಡ ಬಲ ಅದಲುಬದಲು. ನಾನು ಕೆಡವಿದ್ದೆಲ್ಲ ಹಾಗೇ. ಗೋಡೆಗೆ ತಾಗುತ್ತದೆ ಅನ್ನಿಸಿದರೆ ಉಳಿಸಲು ಹೋಗದೆ ಥ್ರಾಟಲ್ (ರೋಟರ್ ವೇಗದ ಸ್ಟಿಕ್) ಸೊನ್ನೆ ಮಾಡಿ. ಬಿದ್ದರೆ ಬೀಳಲಿ, ತಿರುಗುವ ಬ್ಲೇಡ್ ಬಡಿದರೇನೇ ಗೇರ್ ಹೋಗುವುದು.

ಇನ್ನೊಂದು. ಬ್ಯಾಟರಿ ಬಿಸಿ ಇದ್ದಾಗ ಚಾರ್ಜಿಗೆ ಹಾಕಬೇಡಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಂತೂ ಇಡಲೇಬೇಡಿ. ನಂದೊಂದು ಪೂರಿ ಹಾಗೆ ಉಬ್ಬಿತು.

ಹೊಸಬ, 4 ದಿನದ ನಂತರ:
ಹಾಲಿನಲ್ಲಿ ಹಾರಿಸಿದೆ. ಒಂದು ನಿಮಿಷ ಅಲ್ಲಾಡದೆ ನಿಂತಿತು, ಆಮೇಲೆ ಕ್ಯಾಲೆಂಡರ್ ಹರಿಯಿತು. ಗುರುತಿಗೆ ಬಾಲಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ಈಗ ಹಿಂದಕ್ಕೆ ಹೋಗುತ್ತದೆ?

ಕೊಪ್ಪಳದಿಂದ:
ಟೇಪಿನ ಭಾರಕ್ಕೆ ಬಾಲ ಜಗ್ಗುತ್ತಿದೆ. ಅದನ್ನು ಕಿತ್ತು, ಮನೆಯಲ್ಲಿ ಕೇಳಿ ಒಂದು ತೊಟ್ಟು ನೇಲ್ ಪಾಲಿಷ್ ಹಚ್ಚಿ.