7ನೇ ತರಗತಿ ಮಕ್ಕಳ ಕನ್ನಡ ಓದು, ಬರಹಕ್ಕೆ ಆನ್‌ಲೈನ್‌ನಲ್ಲಿ ಏನು ಬಳಸಬಹುದು?

ಮೂಡಿಗೆರೆ_ಟೀಚರ್
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ಹಿರಿಯ ಪ್ರಾಥಮಿಕ ಶಾಲೆ, 7ನೇ ತರಗತಿ. ಮಕ್ಕಳು ಪದಗಳನ್ನು ಬಿಡಿಬಿಡಿಯಾಗಿ ಓದುತ್ತಾರೆ. ಪ್ಯಾರಾ ಮುಗಿದ ಮೇಲೆ ಏನು ಓದಿದಿರಿ ಅಂತ ಕೇಳಿದರೆ ಮಾತೇ ಇಲ್ಲ. ಬರೆಯುವಾಗ ಅ, ಹ ಅದಲುಬದಲು. ‘ಧರ್ಮ’ ಹೋಗಿ ‘ಧಮ್ರ’ ಆಗುತ್ತೆ. ಇರುವುದು ಒಂದು ಲ್ಯಾಪ್‌ಟಾಪ್, ಒಂದು ಫೋನ್. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವೆಬ್‌ಸೈಟ್‌ಗಳ ಉದ್ದ ಪಟ್ಟಿ ಬೇಡ. ಯಾವುದು, ಹೇಗೆ ಬಳಸಬೇಕು ಅನ್ನುವುದನ್ನು ತಿಳಿದವರು ಹೇಳಿ.

ಹೇಮಾವತಿ_ತೀರ (ಹಾಸನ)
ಮೇಡಂ, ಸೈಟ್ ಹುಡುಕುವ ಮೊದಲು ಯಾವ ಮಗು ಎಲ್ಲಿ ನಿಂತಿದೆ ಅಂತ ನೋಡಿಕೊಳ್ಳಿ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ‘ಅಸರ್’ ಸಮೀಕ್ಷೆಯವರ ಕನ್ನಡ ಓದಿನ ಹಾಳೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ, ಇಷ್ಟೇ ಇರುವುದು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. 7ನೇ ತರಗತಿಯ ಮಗು ಆ ಕಥೆಯಲ್ಲೇ ತಡವರಿಸಿದರೆ, ಪಠ್ಯಪುಸ್ತಕದ ಗದ್ಯ ಅದಕ್ಕೆ ಇನ್ನೂ ಭಾರ.

ಓದಿಗೆ ನನ್ನ ಮೊದಲ ಆಯ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್, ಮಕ್ಕಳ ಕಥೆಗಳ ಉಚಿತ ವೆಬ್‌ಸೈಟ್. 2015ರಿಂದ ಇದೆ. ಭಾಷೆ ಕನ್ನಡ ಅಂತ ಆರಿಸಿ, ಆಮೇಲೆ ಹಂತ ಆರಿಸಿ. 2ನೇ ಹಂತದ ಕಥೆಗಳು ಸುಮಾರು 600 ಪದದೊಳಗೆ, 3ನೇ ಹಂತದವು 1500ರೊಳಗೆ, 4ನೇದು ಅದಕ್ಕೂ ಉದ್ದ. ನಿಮ್ಮ ತರಗತಿಗೆ 3ನೇ ಹಂತ ಅಂತ ಮೇಲ್ನೋಟಕ್ಕೆ ಅನ್ನಿಸುತ್ತೆ. ಆದರೆ ಒಂದು ಪುಟ ಗಟ್ಟಿಯಾಗಿ ಓದಿಸಿ, ತಪ್ಪು ಎಣಿಸಿ. 10 ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಾದರೆ ಒಂದು ಹಂತ ಕೆಳಗಿಳಿಸಿ. ಪ್ಯಾರಾದ ಅರ್ಥ ಹಿಡಿಯದಿರುವುದಕ್ಕೆ ಮುಖ್ಯ ಕಾರಣ ಇದೇ. ಅಕ್ಷರ ಕೂಡಿಸುವುದರಲ್ಲೇ ಗಮನವೆಲ್ಲ ಖರ್ಚಾಗಿ, ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತೆ.

ನಿಮಿಷಕ್ಕೆ ಇಷ್ಟು ಪದ ಅನ್ನುವ ಇಂಗ್ಲಿಷ್ ಲೆಕ್ಕವನ್ನು ಕನ್ನಡಕ್ಕೆ ತರಬೇಡಿ. ‘ಮನೆಯೊಳಗಿನಿಂದಲೂ’ ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದು ನಾಲ್ಕೈದು ಪದ. ಮಗುವಿನ ಹಿಂದಿನ ಓದಿಗೆ ಇಂದಿನದನ್ನು ಹೋಲಿಸಿದರೆ ಸಾಕು.

ನೆಟ್‌ವರ್ಕ್ ಸಮಸ್ಯೆಗೆ: ಸ್ಟೋರಿವೀವರ್‌ನ ಕಥೆಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ, ಲೇಖಕರ ಹೆಸರಿನ ಪುಟ ಮಾತ್ರ ಕೀಳಬೇಡಿ. ಬಣ್ಣದ ಚಿತ್ರ ಇಂಕ್ ಕುಡಿಯುತ್ತೆ, ಕಪ್ಪು ಬಿಳುಪಲ್ಲಿ ಹಾಳೆಗೆ ಎರಡು ಪುಟದಂತೆ ತೆಗೆಸಿ. ಒಂದು ಎಚ್ಚರಿಕೆ: ಅಲ್ಲಿ ಬಳಕೆದಾರರೇ ಮಾಡಿದ ಅನುವಾದಗಳೂ ಇವೆ. ಕೆಲವುದರ ಕನ್ನಡ ತೊಡಕಾಗಿರುತ್ತೆ. ನೀವು ಒಮ್ಮೆ ಓದಿ ನೋಡದೆ ಮಕ್ಕಳ ಕೈಗೆ ಕೊಡಬೇಡಿ.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರದಲ್ಲೂ ವಿಚಾರಿಸಿ. ಮಕ್ಕಳನ್ನು ಗ್ರಂಥಾಲಯಕ್ಕೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ.

ಕಾಫಿಸೀಮೆ_ಕನ್ನಡ (ಚಿಕ್ಕಮಗಳೂರು)
ಅ, ಹ ವಿಷಯಕ್ಕೆ ಮಾತ್ರ ಹೇಳ್ತೀನಿ. ಇದು ಕೈಬರಹದ ತಪ್ಪಲ್ಲ. ಮಾತಿನಲ್ಲಿ ಹ ಬಿದ್ದುಹೋಗುವುದರಿಂದ ಕಿವಿಗೇ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತು ಸಲ ಬರೆಸಿದರೆ ಕೈ ನೋಯುತ್ತೆ ಅಷ್ಟೆ. ಅಕ್ಕಿ–ಹಕ್ಕಿ, ಅಲ್ಲಿ–ಹಲ್ಲಿ, ಆಡು–ಹಾಡು, ಆರು–ಹಾರು, ಉಳಿ–ಹುಳಿ, ಅರಳು–ಹರಳು, ಇಂಥ ಜೋಡಿಗಳನ್ನು ನಿಮ್ಮ ಧ್ವನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಜೋಡಿಯಲ್ಲಿ ಯಾವುದಾದರೂ ಒಂದನ್ನು ಹೇಳಿ, 5 ಸೆಕೆಂಡ್ ಬಿಡಿ, ಮುಂದಿನದಕ್ಕೆ ಹೋಗಿ. ಮೊದಲ ಸುತ್ತಲ್ಲಿ ಬರೆಯುವುದು ಬೇಡ, ಹ ಕೇಳಿದರೆ ಕೈ ಎತ್ತಲಿ. ಎರಡನೇ ಸುತ್ತಲ್ಲಿ ಅಂಗೈಯನ್ನು ಬಾಯಿ ಮುಂದೆ ಹಿಡಿದು ತಾವೇ ಹೇಳಲಿ. ‘ಹಕ್ಕಿ’ಗೆ ಉಸಿರು ತಾಗುತ್ತೆ, ‘ಅಕ್ಕಿ’ಗೆ ಹಾಗೆ ತಾಗುವುದಿಲ್ಲ. ಉಕ್ತಲೇಖನ ಮೂರನೇ ಸುತ್ತಿಗೆ. ಆಡುಮಾತು ತಪ್ಪು ಅಂತ ಮಾತ್ರ ಹೇಳಬೇಡಿ. ಮನೆಯಲ್ಲಿ ಆಡುವುದು ಹಾಗೆ, ಬರೆಯುವುದು ಹೀಗೆ ಅಂದರೆ ಮಕ್ಕಳಿಗೆ ಅರ್ಥವಾಗುತ್ತೆ.

ಧ್ವನಿ ಟೈಪಿಂಗ್‌ನಲ್ಲಿ ಉಚ್ಚಾರ ಪರೀಕ್ಷಿಸಿ ಅಂತ ಕೆಲವರು ಹೇಳ್ತಾರೆ. ಅದನ್ನು ನಂಬಬೇಡಿ. ಮಗು ‘ಆಲು ಕುಡಿದೆ’ ಅಂದರೂ ಫೋನು ಸಂದರ್ಭ ಊಹಿಸಿ ‘ಹಾಲು ಕುಡಿದೆ’ ಅಂತ ಬರೆದುಬಿಡಬಹುದು. ಆಗ ತಪ್ಪು ಮುಚ್ಚಿಹೋಗುತ್ತೆ. ಛಾವಣಿಯ ಶೀಟಿನ ಮೇಲೆ ಮಳೆ ಬೀಳುವಾಗಂತೂ ಅದು ಬರೆಯುವುದೇ ಬೇರೆ.

ನುಡಿ_ಕೀಲಿ
‘ಧಮ್ರ’ಕ್ಕೆ ಲ್ಯಾಪ್‌ಟಾಪ್ ನಿಜವಾಗಿ ಉಪಯೋಗಕ್ಕೆ ಬರುತ್ತೆ. ಅರ್ಕಾವತ್ತನ್ನು (‘ಧರ್ಮ’ದಲ್ಲಿ ‘ರ್’ ಸೂಚಿಸುವ ಗುರುತು) ಕಣ್ಣು ಕಾಣುವುದು ಮ ಆದ ಮೇಲೆ, ಬಾಯಿ ಹೇಳುವುದು ಮ ಗೆ ಮೊದಲು. ತೊಡಕು ಇರುವುದು ಅಲ್ಲೇ. ಕನ್ನಡ ಟೈಪಿಂಗ್‌ನ ‘ಕಗಪ’ ಕೀಲಿಮಣೆ ವಿನ್ಯಾಸ ಹಾಕಿಕೊಳ್ಳಿ. ಅದರಲ್ಲಿ ‘ಎಫ್’ ಕೀಲಿ ಒತ್ತಿದರೆ ಅರ್ಧಾಕ್ಷರದ ಕೊಂಡಿ. ಧ, ರ, ಕೊಂಡಿ, ಮ, ಈ ಕ್ರಮದಲ್ಲಿ ಒತ್ತಿದರೆ ‘ಧರ್ಮ’ ಮೂಡುತ್ತೆ. ಕ್ರಮ ತಪ್ಪಿ ಧ, ಮ, ಕೊಂಡಿ, ರ ಒತ್ತಿದರೆ ಕಣ್ಣೆದುರೇ ‘ಧಮ್ರ’. ಹೇಳುವ ಕ್ರಮದಲ್ಲೇ ಒತ್ತಬೇಕು ಅನ್ನುವುದು ಮಗುವಿಗೆ ತಾನಾಗಿ ಹೊಳೆಯುತ್ತೆ. ಸೂರ್ಯ, ಕಾರ್ಯ, ವರ್ಷ, ಮಾರ್ಗ ಮಾಡಿಸಿ, ಜೊತೆಗೆ ಚಕ್ರ, ಪತ್ರ ಬೆರೆಸಿ.

ಫೋನಿನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಮೂಡಿಸುವ ವಿಧಾನ ಈ ಅಭ್ಯಾಸಕ್ಕೆ ಆಗಿಬರುವುದಿಲ್ಲ. ಸಿದ್ಧ ಪದ ಮೇಲೆ ಬಂದು ನಿಲ್ಲುತ್ತೆ, ಮಗು ಅದನ್ನು ಒತ್ತುತ್ತೆ, ಕಾಗುಣಿತ ಕಲಿಯುವುದಿಲ್ಲ. ಕನ್ನಡ ಅಕ್ಷರಗಳ ಕೀಲಿಮಣೆ ಆರಿಸಿ, ಪದ ಸೂಚಿಸುವುದನ್ನು ಆಫ್ ಮಾಡಿ.

ಮೂಡಿಗೆರೆ_ಟೀಚರ್
ತುಂಬಾ ಉಪಕಾರವಾಯ್ತು. ಇನ್ನೆರಡು ಪ್ರಶ್ನೆ. ಆನ್‌ಲೈನ್ ನಿಘಂಟಿನಲ್ಲಿ ಹುಡುಕಿದರೆ ಎಷ್ಟೋ ಪದ ಸಿಗುವುದೇ ಇಲ್ಲ, ಏಕೆ? ಸ್ವಂತ ವಾಕ್ಯ ಬರೆಸಲು ಏನು ಮಾಡಬೇಕು? ಮಾಹಿತಿ ಕೊಟ್ಟರೆ ಹಾಗೇ ನಕಲು ಮಾಡ್ತಾರೆ.

ಹೇಮಾವತಿ_ತೀರ (ಹಾಸನ)
ಓದಿನಲ್ಲಿ ಸಿಕ್ಕ ರೂಪವನ್ನೇ ಹಾಕಿದರೆ ನಿಘಂಟಿನಲ್ಲಿ ಇರುವುದಿಲ್ಲ ಮೇಡಂ. ‘ಬಂದರು’ ಅಂತ ಹುಡುಕಿದರೆ ಹಡಗು ನಿಲ್ಲುವ ಜಾಗ ಬರುತ್ತೆ. ಹುಡುಕಬೇಕಾದ್ದು ‘ಬರು’. ಹಾಗೆಯೇ ‘ಹೋದಳು’ವಿಗೆ ‘ಹೋಗು’, ‘ಕಾಡಿನೊಳಗೆ’ ಅಂದರೆ ‘ಕಾಡು’, ‘ಊರಿಗೊಬ್ಬ’ ಅಂದರೆ ಮೊದಲು ‘ಊರಿಗೆ’, ‘ಒಬ್ಬ’ ಅಂತ ಬಿಡಿಸಬೇಕು. ಪಠ್ಯದಲ್ಲಿರುವ ಸಂಧಿ, ವಿಭಕ್ತಿ ಪ್ರತ್ಯಯಗಳ ಪಾಠವನ್ನು ಇಲ್ಲೇ ಮಾಡಿ. ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ನಲ್ಲಿ ಪದ ವೇಗವಾಗಿ ಸಿಗುತ್ತೆ, ಲಕ್ಷಕ್ಕೂ ಹೆಚ್ಚು ಪದ ಇವೆ, ಆದರೆ ಅರ್ಥ ಇಂಗ್ಲಿಷಿನಲ್ಲಿ. ಅದು ನಿಮಗೆ ಆಗುತ್ತೆ, ಮಕ್ಕಳಿಗೆ ಕಷ್ಟ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಕನ್ನಡದ ನಿಘಂಟುಗಳಿವೆ, ನೋಡಿ.

ನಕಲಿಗೆ ಮದ್ದು, ಬರೆಯುವ ಹೊತ್ತಿಗೆ ಮೂಲ ಕಣ್ಣೆದುರು ಇರಬಾರದು. ಕನ್ನಡ ವಿಕಿಪೀಡಿಯದ ಹಲ್ಮಿಡಿ ಶಾಸನದ ಲೇಖನದಿಂದ ಎರಡು ಪ್ಯಾರಾ ತೆಗೆದುಕೊಳ್ಳಿ. ನಮ್ಮ ಬೇಲೂರು ತಾಲ್ಲೂಕಿನದು, ಹೆಸರು ಕೇಳಿದ್ದಿರುತ್ತಾರೆ. ಎರಡು ಸಲ ಓದಲಿ. ಆಮೇಲೆ ಪ್ರತಿಯೊಬ್ಬರೂ 6 ಮುಖ್ಯ ಪದ ಮಾತ್ರ ಚೀಟಿಯಲ್ಲಿ ಬರೆದುಕೊಳ್ಳಲಿ: ಹಲ್ಮಿಡಿ, ಬೇಲೂರು, ಕಲ್ಲು, 16 ಸಾಲು, ಸುಮಾರು ಕ್ರಿ.ಶ. 450, ಹಳೆಯ ಕನ್ನಡ, ಹೀಗೆ. ಹಾಳೆ ವಾಪಸ್ ತೆಗೆದುಕೊಂಡು, ಆ ಪದಗಳನ್ನು ಹಿಡಿದು ಪಕ್ಕದವರಿಗೆ ಬಾಯಲ್ಲಿ ಹೇಳಿಸಿ. ಈ ಹೆಜ್ಜೆ ಬಿಟ್ಟರೆ ಕಾಗದದ ಮೇಲೆ ಮತ್ತೆ ಬಿಡಿ ಪದಗಳೇ ಬರುತ್ತವೆ. ಹೇಳಿ ಮುಗಿಸಿದ ಮೇಲೆ 5 ವಾಕ್ಯ ಬರೆಯಲಿ.

ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಇಂಕು ಹಾಕಬೇಡಿ. ಈ ವಾರ ಅರ್ಕಾವತ್ತು ಅಂದರೆ ಅದನ್ನು ಮಾತ್ರ. ಅದೂ ತಪ್ಪಿರುವ ಸಾಲಿನ ಅಂಚಿಗೆ ಒಂದು ಚುಕ್ಕಿ ಇಟ್ಟು ಕೊಡಿ. ಯಾವ ಪದ ಅಂತ ಮಗುವೇ ಹುಡುಕಿ ತಿದ್ದಲಿ.