ಕ್ರಿಯಾ ಸಂಶೋಧನೆ ಅಂದರೆ ಪ್ರಶ್ನಾವಳಿ ಹಂಚಲೇಬೇಕಾ?

ಪ್ರಶ್ನೆ:
ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 38 ಮಕ್ಕಳು. ಪ್ರಶ್ನೆ ಕೇಳಿದರೆ ಕೈ ಎತ್ತುವುದು ಅದೇ ಐದಾರು ಮಂದಿ, ಉಳಿದವರು ತಲೆ ತಗ್ಗಿಸುತ್ತಾರೆ. ಈ ವರ್ಷ ಎಲ್ಲರೂ ಒಂದು ಕ್ರಿಯಾ ಸಂಶೋಧನೆ (ನಮ್ಮದೇ ತರಗತಿಯ ಒಂದು ಸಮಸ್ಯೆಯನ್ನು ನಾವೇ ಅಧ್ಯಯನ ಮಾಡಿ, ಏನಾದರೂ ಬದಲಿಸಿ ನೋಡುವುದು) ಮಾಡಲೇಬೇಕಂತೆ. ‘ಗಣಿತದಲ್ಲಿ ನಿರಾಸಕ್ತಿ: ಕಾರಣ ಮತ್ತು ಪರಿಹಾರ’ ಎಂದು ಹೆಸರಿಟ್ಟು, 40 ಪ್ರಶ್ನೆ ಬರೆದು ಕೂತಿದ್ದೇನೆ. ತರಬೇತಿಯಲ್ಲಿದ್ದಾಗ ಮಾಡಿದ್ದೂ ಹೀಗೇ: ಪೂರ್ವ ಪರೀಕ್ಷೆ, ನಂತರದ ಪರೀಕ್ಷೆ, ಶೇಕಡಾವಾರು, ಬೈಂಡಿಂಗ್. ಆಮೇಲೆ ಅದನ್ನು ಯಾರೂ ತೆರೆದು ನೋಡಲಿಲ್ಲ, ನಾನೂ ಸೇರಿ. ಈ ಸಲವೂ ಅಷ್ಟೇನಾ?

ಉತ್ತರ 1:
ಪ್ರಶ್ನಾವಳಿ ಪಕ್ಕಕ್ಕಿಡಿ. ‘ನಿರಾಸಕ್ತಿ’ ನಿಮ್ಮ ತೀರ್ಪು. ಕಣ್ಣಿಗೆ ಕಂಡದ್ದು ಮಕ್ಕಳು ಕೈ ಎತ್ತುವುದಿಲ್ಲ ಅನ್ನುವುದಷ್ಟೇ, ಅಲ್ವಾ? ಅದನ್ನೇ ಹಿಡಿಯಿರಿ. ಎರಡು ಪಾಠ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ (ಮಕ್ಕಳಿಗೂ ಹೆಡ್‌ಮಾಸ್ಟರಿಗೂ ಹೇಳಿಯೇ ಮಾಡಿ). ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಸುಮ್ಮನಿರುತ್ತೀರಿ, ಎಣಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಟೇಪ್ ಕೇಳಿ ಇದನ್ನೇ ಅಳೆದರು. ಮೇಷ್ಟ್ರುಗಳು ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್! ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ನೆ ಕೂರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು.

ಉತ್ತರ 2:
ಪ್ರಶ್ನಾವಳಿ ಪೂರ್ತಿ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ನಲವತ್ತು ಜಾಸ್ತಿಯಾಯಿತು, ಒಂದು ಚೀಟಿ ಸಾಕು: ‘ಉತ್ತರ ಗೊತ್ತಿದ್ದೂ ಇವತ್ತು ಸುಮ್ಮನಿದ್ದೆಯಾ? ಯಾಕೆ?’ ಹೆಸರು ಬರೆಸಬೇಡಿ. ಇನ್ನೊಂದು, ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1940ರ ದಶಕದಲ್ಲಿ ಕ್ರಿಯಾ ಸಂಶೋಧನೆಯನ್ನು ವಿವರಿಸಿದ್ದೇ ಸುತ್ತುಗಳಾಗಿ: ಯೋಚಿಸು, ಮಾಡು, ಆದದ್ದನ್ನು ನೋಡು, ಮತ್ತೆ ಯೋಚಿಸು. ನಾವು ಮೊದಲ ಸುತ್ತಿಗೇ ಬೈಂಡ್ ಮಾಡಿಬಿಡುತ್ತೇವೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ರೆಕಾರ್ಡ್ ಕೇಳಿ ನಾಚಿಕೆಯಾಯಿತು. ಒಂದು ಪಾಠದಲ್ಲಿ 26 ಪ್ರಶ್ನೆ, 11ಕ್ಕೆ ನಾನೇ ಉತ್ತರ ಹೇಳಿಬಿಟ್ಟಿದ್ದೇನೆ. ಈಗ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತೇನೆ. ಆ ಮೌನ ತಡೆದುಕೊಳ್ಳುವುದು ಕಷ್ಟ ಕಣ್ರೀ. ಕೈಗಳು ಹತ್ತು ಹನ್ನೆರಡಕ್ಕೆ ಏರಿವೆ. ಭಿನ್ನರಾಶಿಯ ದಿನ ಮಾತ್ರ ಮತ್ತೆ ಐದೇ.

ಚೀಟಿಯನ್ನೂ ಬರೆಸಿದೆ. 14 ಮಕ್ಕಳು ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದಾರೆ: ತಪ್ಪು ಹೇಳಿದರೆ ನೀವು ‘ಬೇರೆ ಯಾರು?’ ಅಂತೀರಿ. ರೆಕಾರ್ಡ್ ಮತ್ತೆ ಹಾಕಿ ಕೇಳಿದೆ. ಹೌದು, ಅಂದಿದ್ದೇನೆ, ಒಂಬತ್ತು ಸಲ. ಎರಡನೇ ಸುತ್ತು ಸೋಮವಾರದಿಂದ, ಅದರ ಮೇಲೇ.