ಪದ ಬೇಕು: ಘಟ್ಟದ ಸುರಂಗಗಳಿಗೆ (ರೈಲು, ನೀರು, ಕಾಲ್ನಡಿಗೆ) – ಗುರುವಾರದೊಳಗೆ

ವಿ.ಕೆ. ಬರೆದದ್ದು:

ಬಲ್ಲವರೆಲ್ಲರಿಗೂ ನಮಸ್ಕಾರ.

ಪಶ್ಚಿಮ ಘಟ್ಟದ ಸುರಂಗಗಳ ಫಲಕಗಳಿಗೂ ತಪಾಸಣೆಯ ಕೈಪಿಡಿಗೂ ಕನ್ನಡ ಬರಹ ಬೇಕಾಗಿದೆ. ಫಲಕದ ಬರಹ ಗುರುವಾರ ಪೇಂಟರ್ ಕೈ ಸೇರಬೇಕು. ತೊಡಕಾಗಿರುವುದು ಇಷ್ಟು:

1. ರೈಲು ಹೋಗುವ ಸುರಂಗ, ಜಲವಿದ್ಯುತ್ ಯೋಜನೆಯ ನೀರು ಒತ್ತಡದಲ್ಲಿ ತುಂಬಿ ಹರಿಯುವ ಸುರಂಗ, ಜನ ನಡೆದು ದಾಟುವ ಸುರಂಗ. ಈ ಮೂರಕ್ಕೂ ಬೇರೆ ಬೇರೆ ಹೆಸರು. ಕರಡಿನಲ್ಲಿ ರೈಲ್ಸುರಂಗ, ನೀರ್ಸುರಂಗ, ಪಾದಚಾರಿ ಸುರಂಗಮಾರ್ಗ ಎಂದಿದೆ.
2. ಹೊರಗಿನಿಂದ ಕಾಣುವ ಕಲ್ಲು ಅಥವಾ ಕಾಂಕ್ರೀಟಿನ ಕಮಾನುಮೊಗ. ಕರಡಿನಲ್ಲಿ 'ಪ್ರವೇಶದ್ವಾರ'.
3. ರೈಲು ಬಂದಾಗ ಗ್ಯಾಂಗ್‌ಮನ್ ಸರಿದು ನಿಲ್ಲಲು ಗೋಡೆಯಲ್ಲಿ ಬಿಟ್ಟಿರುವ ಜಾಗ.
4. ಬೆಟ್ಟದ ಮಗ್ಗುಲಿನಿಂದ ಮುಖ್ಯ ಸುರಂಗಕ್ಕೆ ಕೊರೆದ ದಾರಿ, ಅಂದರೆ ಆಡಿಟ್. ಕನ್ನಡ ಲಿಪಿಯಲ್ಲಿ ಬರೆದರೆ ಇದಕ್ಕೂ ಲೆಕ್ಕಪತ್ರದ ಆಡಿಟ್‌ಗೂ ವ್ಯತ್ಯಾಸವೇ ಇಲ್ಲ. 'ಆಡಿಟ್ 3ಕ್ಕೆ ಪ್ರವೇಶವಿಲ್ಲ' ಎಂಬ ಫಲಕದಿಂದ ಯಾರಿಗೂ ಏನೂ ತಿಳಿಯದು.
5. ಲೈನಿಂಗ್ (ಸುರಂಗದ ಒಳಮೈಗೆ ಕಟ್ಟುವ ಗೋಡೆ), ವೀಪ್ ಹೋಲ್ (ಹಿಂದಿನ ನೀರು ಹೊರಬರಲು ಅದರಲ್ಲಿ ಬಿಡುವ ತೂತು).

ವ್ಯಾಕರಣದ ಪಾಠ ಬೇಡ, ಪದ ಕೊಡಿ.


ಎಂ.ಎಸ್. ಬರೆದದ್ದು:

ವ್ಯಾಕರಣ ಬೇಡ ಎನ್ನುವವರೇ ನೀರ್ಸುರಂಗ ಎಂದು ಬರೆಯುವುದು. ಇದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ತಪ್ಪು ಸಮಾಸ. ಕ್ರಿಯಾಸಮಾಸ, ಗಮಕಸಮಾಸ, ಬಿರುದಾವಳಿ, ಪೂರ್ವಕವಿಪ್ರಯೋಗ, ಈ ವಿನಾಯಿತಿಗಳಲ್ಲಿ ಯಾವುದರ ಅಡಿಯಲ್ಲೂ ಇದು ನಿಲ್ಲದು. ರೈಲ್ಸುರಂಗದ ಬಗ್ಗೆ ಮಾತೇ ಬೇಡ.

ಸುರಂಗ ಬೇಕೆಂದು ಹಟ ಯಾಕೆ? 'ಕೊರೆದಾರಿ' ಎನ್ನಿ. ಕೊರೆ ನಮ್ಮದು, ದಾರಿ ನಮ್ಮದು. ರೈಲು ಕೊರೆದಾರಿ, ನೀರ್ಕೊರೆದಾರಿ, ಕಾಲ್ಕೊರೆದಾರಿ. ಮೂರೂ ಪದ ಸಿಕ್ಕವು. 'ಸುರಂಗಮಾರ್ಗ' ಕೂಡ ಬೇಡ. ಸುರಂಗವೆಂದಮೇಲೆ ಮಾರ್ಗ ಅದರಲ್ಲೇ ಇದೆ.


ಜಿ.ಬಿ. ಬರೆದದ್ದು:

> 'ಕೊರೆದಾರಿ' ಎನ್ನಿ.

ಬೇಡ. ಎಲ್ಲ ಸುರಂಗವೂ ಕೊರೆದದ್ದಲ್ಲ. ಬಾಯಿಯ ಹತ್ತಿರ ಬೆಟ್ಟದ ಮೈ ತೆಳ್ಳಗೆ ಇರುವಲ್ಲಿ ಮೇಲಿನಿಂದ ಅಗೆದು, ಕಾಂಕ್ರೀಟಿನ ಕಮಾನು ಕಟ್ಟಿ, ಮತ್ತೆ ಮಣ್ಣು ಮುಚ್ಚುತ್ತಾರೆ. ಮೇಲಿಂದ ಬಂಡೆ ಉರುಳುವ ಜಾಗದಲ್ಲಿ ಹಳಿಯ ಮೇಲೆ ಚಾವಣಿಯಂತೆ ಕಮಾನು ಎಬ್ಬಿಸಿ ಅದನ್ನೂ ಸುರಂಗದ ಭಾಗವೆಂದೇ ಎಣಿಸುತ್ತಾರೆ. ಅಲ್ಲಿ ಏನನ್ನೂ ಕೊರೆದಿರುವುದಿಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ರೈಲು ಘಟ್ಟದಲ್ಲಿ ಸುಮಾರು 55 ಕಿ.ಮೀ.ಗೆ 57 ಸುರಂಗಗಳಿವೆ. ಅಲ್ಲಿ ಹಳಿಯ ಮೇಲೆ ಕೆಲಸ ಮಾಡುವ ಒಬ್ಬನೂ ಸುರಂಗವೆಂಬ ಪದ ತಿಳಿಯದೆ ತಡವರಿಸುವುದಿಲ್ಲ. ತಿಳಿದ ಪದವನ್ನು ಕಿತ್ತು ತಿಳಿಯದ ಪದ ನೆಡುವುದು ಸುರಕ್ಷತೆಯ ಫಲಕದಲ್ಲಿ ಮಾಡುವ ಕೆಲಸವಲ್ಲ.

ವಿ.ಕೆ. ಅವರೆ, ಒಂದೊಂದಾಗಿ:

ಕಮಾನುಮೊಗಕ್ಕೆ 'ಸುರಂಗದ ಬಾಯಿ'. ದ್ವಾರ ಎಂದರೆ ಮುಚ್ಚಿ ತೆರೆಯುವ ಬಾಗಿಲು ನೆನಪಾಗುತ್ತದೆ. ಆಡಿಟ್‌ಗಳಿಗೆ ನಿಜವಾಗಿಯೂ ಕಬ್ಬಿಣದ ಗೇಟು ಇರುವುದರಿಂದ ಕೈಪಿಡಿಯಲ್ಲಿ ಎರಡೂ ಕಲಸಿಹೋಗುತ್ತವೆ. ಬಾಯಿಯ ಮೇಲಿನ ಗೋಡೆಗೆ 'ಮೊಗಗೋಡೆ' ಎಂದರೆ ಸಾಕು.

ಸರಿದು ನಿಲ್ಲುವ ಜಾಗಕ್ಕೆ 'ಗೂಡು'. ದೀಪದ ಗೂಡು ಎನ್ನುವಾಗಿನ ಗೂಡೇ ಇದು, ಗೋಡೆಯೊಳಗೆ ಒಳಸರಿದ ಜಾಗ. 'ಆಶ್ರಯತಾಣ' ಎಂದು ಬರೆಯಬೇಡಿ, ಮಳೆಗೆ ನಿಲ್ಲುವ ತಂಗುದಾಣ ಎಂದುಕೊಳ್ಳುತ್ತಾರೆ. ತಳ್ಳುಟ್ರಾಲಿಯನ್ನು ಹಳಿಯಿಂದ ಎತ್ತಿ ಇಡುವ ದೊಡ್ಡ ಗೂಡುಗಳು ಸುರಂಗದಲ್ಲಿ 100 ಮೀಟರಿಗೊಂದರಂತೆ ಇರಬೇಕು. ಅವಕ್ಕೆ 'ಟ್ರಾಲಿ ಗೂಡು', ಆಳು ನಿಲ್ಲುವುದಕ್ಕೆ 'ಆಳುಗೂಡು'. ಕತ್ತಲೆಯಲ್ಲಿ ಓಡುವವನ ಕಣ್ಣಿಗೆ ಬೀಳಬೇಕಾದದ್ದು ಪದಕ್ಕಿಂತ ಮೊದಲು ಸುಣ್ಣದ ಬಿಳುಪು. ಗೂಡಿನ ಅಂಚಿಗೆ ಬಿಳಿ ಬಳಿದು, ಅದರತ್ತ ಬಾಣದ ಗುರುತು ಹಾಕಿ, ಪಕ್ಕದಲ್ಲಿ ಪದ ಬರೆಯಿಸಿ.

ಲೈನಿಂಗಿಗೆ 'ಒಳಪದರ' ಬೇಡ. ಬಂಡೆಗೆ ಎರಚುವ ಕಾಂಕ್ರೀಟು, ಅಂದರೆ ಶಾಟ್‌ಕ್ರೀಟೂ ಒಂದು ಪದರವೇ, ಅದರ ಮೇಲೆ ಕಾಂಕ್ರೀಟು ಇನ್ನೊಂದು. 'ಒಳಗೋಡೆ' ಎನ್ನಿ. ಕಮಾನಿನ ಭಾಗಕ್ಕೆ 'ನೆತ್ತಿ'.

ವೀಪ್ ಹೋಲ್‌ಗೆ 'ಒಸರುಕಿಂಡಿ'. ಆದರೆ ಇದನ್ನು ಎಲ್ಲಿ ಬಳಸುತ್ತೀರಿ ಎಂಬುದನ್ನು ನೋಡಿಕೊಳ್ಳಿ. ರೈಲು ಸುರಂಗದಲ್ಲಿ ಹಿಂದಿನ ಬಂಡೆಯ ನೀರು ಒಳಗೋಡೆಯನ್ನು ಒತ್ತದಿರಲೆಂದು ಕಿಂಡಿ ಬಿಡುತ್ತಾರೆ. ಕಿಂಡಿ ಕಟ್ಟಿಕೊಂಡರೆ ಗೋಡೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ವಿದ್ಯುದಾಗಾರಕ್ಕೆ ಒತ್ತಡದಲ್ಲಿ ನೀರು ಒಯ್ಯುವ ಸುರಂಗದಲ್ಲಿ ಅದೇ ಕಿಂಡಿ ಇದ್ದರೆ ಒಳಗಿನ ನೀರು ಬಂಡೆಯ ಸೀಳುಗಳಿಗೆ ನುಗ್ಗುತ್ತದೆ. ಅಲ್ಲಿ ಕಿಂಡಿ ಬಿಡುವುದಿಲ್ಲ, ಗ್ರೌಟ್ (ಸಿಮೆಂಟಿನ ತಿಳಿಗಾರೆ) ಒತ್ತಿ ಮುಚ್ಚುತ್ತಾರೆ. ಕರಡಿನಲ್ಲಿ ಎರಡೂ ಅಧ್ಯಾಯಕ್ಕೆ ಒಂದೇ ವಾಕ್ಯ ನಕಲಾಗಿದ್ದರೆ ಈಗಲೇ ತಿದ್ದಿ.

ಆಡಿಟ್‌ಗೆ 'ಅಡ್ಡಸುರಂಗ'.


ಪ. ಬರೆದದ್ದು:

ಸುರಂಗವನ್ನು ಸಂಸ್ಕೃತವೆಂದು ಒಪ್ಪಿಕೊಂಡು ಅರಿಸಮಾಸದ ಲೆಕ್ಕ ಹಾಕುತ್ತಿದ್ದೀರಿ. ಮಲಯಾಳದಲ್ಲಿ ಇದೇ ವಸ್ತು 'ತುರಙ್ಕಂ'. ಅಲ್ಲಿ ತುರ ಎಂದರೆ ಕೊರೆ. ತಮಿಳಿನ ತುರಪ್ಪಣಂ ಬೈರಿಗೆ. ನಮ್ಮಲ್ಲಿ ತುರಿ ಇದೆ. ಬೇರು ದ್ರಾವಿಡದ್ದು. ಸಂಸ್ಕೃತ ನಮ್ಮಿಂದ ಪಡೆದು ಸಕಾರ ಹಚ್ಚಿಕೊಂಡಿತು. ಹಾಗಾಗಿ ನೀರ್ಸುರಂಗ ಅಚ್ಚಗನ್ನಡದ ಸಮಾಸ. ಪ್ರಶ್ನೆ ಮುಗಿಯಿತು.


ಎಂ.ಎಸ್. ಬರೆದದ್ದು:

ಮುಗಿಯಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಸುರುಙ್ಗಾ' ಇದೆ. ಅರಮನೆಯ ಗುಪ್ತದಾರಿಗೂ ಕೋಟೆಯ ಮುತ್ತಿಗೆಗೂ ಅದೇ ಪದ. ಪಾಂಡವರು ಅರಗಿನ ಮನೆಯಿಂದ ಪಾರಾಗುವ ಕಡೆಯೂ ಅದೇ. ಎಲ್ಲೆಲ್ಲೂ ಸಕಾರ. ಗ್ರೀಕಿನ 'ಸೂರಿಂಕ್ಸ್' ಎಂದರೆ ಕೊಳಲು, ಕೊಳವೆ, ನೆಲದಡಿಯ ದಾರಿ. ಅಲ್ಲಿಂದ ಬಂದ ಪದವೆಂದು ವಿದ್ವಾಂಸರು ಹೇಳಿ, ಅರ್ಥಶಾಸ್ತ್ರದ ಕಾಲನಿರ್ಣಯಕ್ಕೂ ಅದನ್ನು ಬಳಸಿದ್ದು ಹಳೆಯ ಸಂಗತಿ. ಮಲಯಾಳದವರು ಸುರಂಗವನ್ನು ತಮ್ಮ ತುರದ ಹತ್ತಿರಕ್ಕೆ ಎಳೆದುಕೊಂಡರು, ಅಷ್ಟೆ. ಆ ಬೇರಿಗೆ ನಮ್ಮಲ್ಲಿ ಸುರಂಗದ ಅರ್ಥವೇ ಬೆಳೆದಿಲ್ಲ. ನಮ್ಮ ಓದುಗನಿಗೆ ತುರಂಗ ಎಂದರೆ ಕುದುರೆ.


ಪ. ಬರೆದದ್ದು:

ಗ್ರೀಕಿನಿಂದ ಬಂದದ್ದೇ ಆದರೆ ಸಂಸ್ಕೃತಕ್ಕೂ ಅದು ಪರಕೀಯ. ಪರಕೀಯ ಪದದ ಜೊತೆ ಕನ್ನಡ ಸೇರಿದರೆ ಅರಿಸಮಾಸ ಹೇಗೆ? ಭೂಕುಸಿತ ಎಂದು ಎಲ್ಲರೂ ಬರೆಯುತ್ತಾರೆ, ಜಿಲ್ಲಾಧಿಕಾರಿ ಎನ್ನುತ್ತಾರೆ, ಮತಗಟ್ಟೆ ಎನ್ನುತ್ತಾರೆ. ಈ ಮೂರನ್ನು ಬಿಡಲಾರದವರು ನೀರ್ಸುರಂಗವನ್ನು ಮಾತ್ರ ಹಿಡಿದು ನಿಲ್ಲಿಸುವುದು ನ್ಯಾಯವಲ್ಲ.


ರಾ. ಬರೆದದ್ದು:

ಸುರಂಗ ನೀರಿನದ್ದೇ ಪದವಾಗಿರುವ ನಾಡೊಂದಿದೆ, ಅದನ್ನು ಯಾರೂ ಎತ್ತಲಿಲ್ಲ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆ ಬರಿಯ 'ಸುರಂಗ' ಎಂದರೆ ರೈಲಿನದ್ದಲ್ಲ. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ತೋಡಿದ ನೀರಿನ ಸುರಂಗ. ಪೆರ್ಲ, ಬಾಯಾರು, ಮಾಣಿಲ ಸುತ್ತ ಇಂದಿಗೂ ಅವುಗಳ ನೀರು ತೋಟಕ್ಕೆ ಹೋಗುತ್ತದೆ. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ತೋಡಿದ್ದು ಇದನ್ನೇ.

ಅಗಲ ಒಬ್ಬ ಆಳು ನುಗ್ಗಿ ಪಿಕ್ಕಾಸು ಬೀಸುವಷ್ಟು, ಎರಡು ಅಡಿಯ ಆಸುಪಾಸು. ಎತ್ತರ ಆಳುದ್ದ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಎರಡೂವರೆ ಅಡಿಗೆ ಹತ್ತಿರ. ನೆಲ ಒಳಗಿನಿಂದ ಬಾಯಿಯ ಕಡೆಗೆ ತುಸು ಇಳಿಜಾರಾಗಿರಬೇಕು, ನೀರು ತಾನಾಗಿ ಹೊರಬರಬೇಕು. ಆ ಇಳಿಜಾರು ತಪ್ಪಿದರೆ ಒಳಗೇ ನಿಂತು ಗೋಡೆಯ ಬುಡ ಕರಗುತ್ತದೆ. ಮುರಕಲ್ಲು (ಕೆಂಪುಕಲ್ಲು) ಗಟ್ಟಿಯಾಗಿರುವವರೆಗೆ ಆಸರೆ ಬೇಕಿಲ್ಲ. ಜೇಡಿ ಸಿಕ್ಕಿದಲ್ಲಿ ನೆತ್ತಿ ಕುಸಿಯುವ ಭಯ, ಅಲ್ಲಿ ದಿಕ್ಕು ತಿರುಗಿಸುತ್ತಾರೆ ಅಥವಾ ಬಿಟ್ಟುಬಿಡುತ್ತಾರೆ. ಒಳಗೆ ಹೋದಂತೆ ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಕಿಂಡಿ ಇಳಿಸುವುದು ಅದಕ್ಕೇ. ಹೊರಬಂದ ನೀರನ್ನು ಅಡಿಕೆಮರ ಸೀಳಿದ ದಂಬೆಯಲ್ಲಿ ಹಾಯಿಸಿ ಮದಕವೆಂಬ ಸಣ್ಣ ಕೆರೆಗೋ ಟಾಂಕಿಗೋ ಬಿಡುತ್ತಾರೆ.

ಹೀಗಿರುವಾಗ ಕರಾವಳಿಯ ಓದುಗನಿಗೆ 'ನೀರ್ಸುರಂಗ' ಎಂದರೆ ಕುಡಿಯುವ ನೀರು ಒಸರುವ ಜಾಗ. ವಿದ್ಯುದಾಗಾರದ ಸುರಂಗದ ಗೇಟಿನ ಮೇಲೆ ಅದನ್ನು ಬರೆದರೆ ಅಪಾಯದ ಮಾತೇ ಕಾಣದು. 'ಒತ್ತಡದ ನೀರಿನ ಸುರಂಗ' ಎಂದು ಬಿಡಿಸಿ ಬರೆಯಿರಿ. ಷಷ್ಠಿ ಲೋಪವಾಗದಿದ್ದರೆ ಸಮಾಸವೂ ಇಲ್ಲ, ಅರಿಯೂ ಇಲ್ಲ.


ಜಿ.ಬಿ. ಬರೆದದ್ದು:

ರಾ. ಅವರ ಮಾತೇ ಸರಿ. ಫಲಕದ ದೃಷ್ಟಿಯಿಂದ ಇನ್ನೊಂದು: 'ನೀರ್ಸುರಂಗ'ದ ಅರ್ಕಾವೊತ್ತು ದೂರಕ್ಕೆ ಕಾಣುವುದಿಲ್ಲ. ಪೇಂಟರ್ ಅದನ್ನು ಸಣ್ಣದಾಗಿ ಬರೆಯುತ್ತಾನೆ. ಎರಡು ಮಳೆಗಾಲದ ಪಾಚಿ ಹಿಡಿದರೆ ಉಳಿಯುವುದು 'ನೀಸುರಂಗ'.

ಒತ್ತಡದ ಸುರಂಗದ ಬಗ್ಗೆ ಕೈಪಿಡಿಯಲ್ಲಿ ಸೇರಲೇಬೇಕಾದ ಸಂಗತಿ: ತಪಾಸಣೆಗೆಂದು ನೀರು ಇಳಿಸುವಾಗ ನಿಧಾನ ಬೇಕು. ಒಳಗಿನ ನೀರು ಬೇಗ ಇಳಿದು ಬಂಡೆಯಲ್ಲಿನ ನೀರು ಇಳಿಯದೆ ನಿಂತರೆ ಹೊರಗಿನ ಒತ್ತಡಕ್ಕೆ ಒಳಗೋಡೆ ಒಳಕ್ಕೆ ಕುಸಿಯುತ್ತದೆ. ತುಂಬಿಸುವಾಗಲೂ ನಿಧಾನ, ಇಲ್ಲದಿದ್ದರೆ ಸಿಕ್ಕಿಬಿದ್ದ ಗಾಳಿ ಹೊರಬರುವ ದಾರಿಯಲ್ಲಿ ಸಿಡಿಯುತ್ತದೆ. ಹಾಗಾಗಿ 'ನೀರು ಬಿಡುವುದು' ಎಂದು ಬರೆಯಬೇಡಿ, ಬಿಡುವುದು ಎಂದರೆ ಒಳಗೋ ಹೊರಗೋ ತಿಳಿಯದು. 'ನೀರು ತುಂಬಿಸು', 'ನೀರು ಇಳಿಸು'.

ಬಿರುಕಿನ ಅಧ್ಯಾಯದಲ್ಲಿ 'ಟೆಲ್‌ಟೇಲ್' ಬಂದಿರಬೇಕು. ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಯನ್ನು ಎರಡು ಬದಿಗೂ ಸಿಮೆಂಟಿನಲ್ಲಿ ಕೂರಿಸಿ ದಿನಾಂಕ ಬರೆಯುವುದು. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ. 'ಸಾಕ್ಷಿಗಾಜು' ಎನ್ನಬಹುದು.

ಚರಂಡಿಯ ಅಧ್ಯಾಯವನ್ನು ಮೊಟಕು ಮಾಡಬೇಡಿ. 2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದೊಳಗೆ ಕೆಸರುನೀರು ನುಗ್ಗಿ ಕೊಂಕಣ ರೈಲು ಸಂಚಾರ ನಿಂತಿತು. ಮೆತ್ತನೆಯ ಮಣ್ಣಿನ ಬೆಟ್ಟದಲ್ಲಿ ಮಳೆಗಾಲದ ಅಪಾಯ ಬರುವುದು ಹೀಗೆ.


ಎಂ.ಎಸ್. ಬರೆದದ್ದು:

ಸಾಕ್ಷಿಯೂ ಸಂಸ್ಕೃತ. ಗೂಡು, ನೆತ್ತಿ, ಬಾಯಿ, ಒಸರುಕಿಂಡಿ ಎಂದು ಇಷ್ಟೆಲ್ಲ ಕನ್ನಡದಲ್ಲಿ ಸಿಕ್ಕಮೇಲೆ ತಲೆಪದವೊಂದಕ್ಕೆ ಎರವಲು ಯಾಕೆ? ಎರವಲು ನಿಂತರೇ ಹೊಸ ಪದ ಹುಟ್ಟುವುದು. 'ಗುರುತುಗಾಜು' ಎನ್ನಿ.


ಪ. ಬರೆದದ್ದು:

ಗೂಡು, ನೆತ್ತಿ ಹೊಸದಾಗಿ ಹುಟ್ಟಿದವಲ್ಲ. ಇದ್ದವು, ಜಿ.ಬಿ. ಹುಡುಕಿ ಕೊಟ್ಟರು. ಕೊರೆದಾರಿ ಯಾವ ಬಾಯಲ್ಲೂ ಇಲ್ಲ. ಎರಡನ್ನೂ ಒಂದೇ ಎನ್ನಬೇಡಿ. ಗುರುತುಗಾಜು ಒಪ್ಪಿಗೆ.


ಶ. ಬರೆದದ್ದು:

ವ್ಯುತ್ಪತ್ತಿಯ ಜಗಳ ಆಮೇಲೆ ಆಡಿ. ಫಲಕ ಕಾರವಾರ, ಜೋಯಿಡಾ, ಖಾನಾಪುರದ ಕಡೆಗೂ ಹೋಗುವುದಾದರೆ ಇದನ್ನು ನೋಡಿ. ಮರಾಠಿಯಲ್ಲಿ ರೈಲು ಸುರಂಗಕ್ಕೆ 'ಬೋಗದಾ'. 'ಸುರುಂಗ' ಎಂದರೆ ಅಲ್ಲಿ ಬಂಡೆ ಸಿಡಿಸಲು ಇಟ್ಟ ಮದ್ದು. ಕಾಮಗಾರಿ ನಡೆಯುವ ಬಾಯಿಯಲ್ಲಿ 'ಸುರಂಗ ಕೆಲಸ: ಬೆಳಗ್ಗೆ 6ರಿಂದ' ಎಂದು ಬರೆದರೆ ಮರಾಠಿಯ ಕೆಲಸಗಾರ ಸಿಡಿಸುವ ಹೊತ್ತೆಂದು ಓದಬಹುದು. ನಿಜವಾದ ಸಿಡಿಸುವ ಹೊತ್ತನ್ನು ಬೇರೆ ಕಡೆ ಬರೆದಿದ್ದರೆ ಅದು ಇನ್ನೂ ಕೆಟ್ಟದ್ದು.

ಆ ಫಲಕದಲ್ಲಿ ಸುರಂಗವೆಂಬ ಪದವೇ ಬೇಡ. 'ಬಂಡೆ ಸಿಡಿಸುವ ಹೊತ್ತು' ಎಂದು ತಲೆಬರಹ, ಕೆಳಗೆ ಗಂಟೆ, ಸೈರನ್ನಿನ ಗುರುತು. ಕೈಪಿಡಿಯಲ್ಲಿ ಕೆಲಸದ ಸರಣಿಯನ್ನು ಹೀಗಿಡಿ: ಕುಳಿ ಕೊರೆ, ಮದ್ದು ತುಂಬು, ಸಿಡಿಸು, ಹೊಗೆ ಹೊರಹಾಕು, ನೆತ್ತಿಯ ಸಡಿಲ ಕಲ್ಲು ಉದುರಿಸು, ಕಲ್ಲುಮಣ್ಣು ಸಾಗಿಸು, ರಾಕ್‌ಬೋಲ್ಟ್ (ಬಂಡೆಯನ್ನು ಹಿಡಿದಿಡುವ ಉಕ್ಕಿನ ಸರಳು) ಬಡಿ, ಶಾಟ್‌ಕ್ರೀಟ್ ಹೊಡೆ. ಸಡಿಲ ಕಲ್ಲು ಉದುರಿಸುವ ಮೊದಲು ಕಲ್ಲುಮಣ್ಣು ತೆಗೆಯಲು ಯಾರೂ ಕೆಳಗೆ ಹೋಗಬಾರದು. ಹಿಂದಿನ ಸುತ್ತಿನಲ್ಲಿ ಉಳಿದ ಕುಳಿಯ ಬುಡದಲ್ಲಿ ಮತ್ತೆ ಕೊರೆಯಬಾರದು, ಸಿಡಿಯದ ಮದ್ದು ಅದರಲ್ಲಿ ಉಳಿದಿರಬಹುದು. ರಾಕ್‌ಬೋಲ್ಟ್, ಶಾಟ್‌ಕ್ರೀಟ್, ಗ್ರೌಟ್ ಇವನ್ನು ಮುಟ್ಟಬೇಡಿ, ಕೆಲಸಗಾರರ ಬಾಯಲ್ಲಿ ಇರುವುದೇ ಹಾಗೆ.

ಕಾಲ್ನಡಿಗೆಯದು: ಬೆಟ್ಟವನ್ನು ತೂರಿ ಆಚೆ ಬರುವುದಾದರೆ ಸುರಂಗ. ಹಳಿಯ ಅಡಿಯಲ್ಲಿ ಕಾಂಕ್ರೀಟಿನ ಪೆಟ್ಟಿಗೆ ತೂರಿಸಿ ಮಾಡಿದ್ದಾದರೆ ಅದು ಕೆಳಸೇತುವೆ, ಜನರ ಬಾಯಲ್ಲಿ ಅಂಡರ್‌ಪಾಸ್. ಯಾವುದೆಂದು ನಕ್ಷೆ ನೋಡಿ ತೀರ್ಮಾನಿಸಿ.


ವಿ.ಕೆ. ಬರೆದದ್ದು:

ಉಪಕಾರವಾಯಿತು. ನಕ್ಷೆ ನೋಡಿದೆ, ಬೆಟ್ಟ ತೂರಿದ್ದೇ. ಫಲಕಕ್ಕೆ ಹೋಗುವುದು:

ರೈಲು ಸುರಂಗ – ಒಳಗೆ ನಡೆಯಬೇಡಿ
ಒತ್ತಡದ ನೀರಿನ ಸುರಂಗ – ಅಪಾಯ
ಅಡ್ಡಸುರಂಗ 3 – ಅಪ್ಪಣೆಯಿಲ್ಲದೆ ಒಳಗೆ ಹೋಗಬಾರದು
ನಡೆದು ಹೋಗುವವರ ಸುರಂಗ – ವಾಹನಗಳಿಗೆ ದಾರಿಯಿಲ್ಲ
ಬಂಡೆ ಸಿಡಿಸುವ ಹೊತ್ತು (ಮರಾಠಿಯಲ್ಲೂ ಕೆಳಗೊಂದು ಸಾಲು)

ಗೂಡು, ನೆತ್ತಿ, ಒಳಗೋಡೆ, ಒಸರುಕಿಂಡಿ, ಗುರುತುಗಾಜು ಕೈಪಿಡಿಗೆ. ಒಸರುಕಿಂಡಿಯ ವಾಕ್ಯ ನೀರಿನ ಅಧ್ಯಾಯದಲ್ಲೂ ನಕಲಾಗಿತ್ತು, ತೆಗೆದಿದ್ದೇನೆ.


ಎಂ.ಎಸ್. ಬರೆದದ್ದು:

'ಅಡ್ಡಸುರಂಗ'ವೂ ಅರಿಸಮಾಸವೇ. ಫಲಕದಲ್ಲಿ 'ಅಡ್ಡ ಸುರಂಗ' ಎಂದು ಬಿಡಿಸಿ ಬರೆಯಿಸಿ.


ಜಿ.ಬಿ. ಬರೆದದ್ದು:

ಬಿಡಿಸಬೇಡಿ. ಸಣ್ಣ ಫಲಕದಲ್ಲಿ ಸಾಲು ಮುರಿದು 'ಅಡ್ಡ' ಮೇಲೆ, 'ಸುರಂಗ 3' ಕೆಳಗೆ ಹೋದರೆ ಮೂರನೆಯ ಮುಖ್ಯ ಸುರಂಗವೆಂದು ಓದುತ್ತಾರೆ. ರಕ್ಷಣೆಗೆ ಬರುವ ತಂಡ ತಪ್ಪು ಬಾಯಿಗೆ ಹೋಗುತ್ತದೆ. ಕೂಡಿಸಿಯೇ ಬರೆಯಿಸಿ, ಅಂಕಿಯನ್ನು ಅದೇ ಸಾಲಿನಲ್ಲಿ ಇರಿಸಿ.